ವೈರಿಂಗ್ ಕೆಲಸಕ್ಕೆ ಲೇಸರ್ ಲೆವೆಲ್: ಆಯ್ಕೆ, ಪರೀಕ್ಷೆ, ಬಳಕೆ

ಒಂದೇ ಗೋಡೆಯಲ್ಲಿ ಮೂರು ಸ್ವಿಚ್ ಬೋರ್ಡ್‌ಗಳಿದ್ದು ನಡುವಿನದು ಐದು ಮಿ.ಮೀ. ಇಳಿದಿದ್ದರೆ, ಎಷ್ಟು ಒಳ್ಳೆಯ ಬಣ್ಣ ಬಳಿದರೂ ಅದು ಎದ್ದು ಕಾಣುತ್ತದೆ. ಪ್ಲಾಸ್ಟರ್ ಆದ ಮೇಲೆ ಸರಿಪಡಿಸಬೇಕೆಂದರೆ ಬಾಕ್ಸ್ ಕಿತ್ತು, ಗೋಡೆ ಒಡೆದು, ಮತ್ತೆ ಪುಟ್ಟಿ ಹಚ್ಚಬೇಕು. ಗೋಡೆಯ ಮೇಲೆ ಬೆಳಕಿನ ಗೆರೆ ಬೀಳಿಸುವ ಲೇಸರ್ ಲೆವೆಲ್ ಈ ತಾಪತ್ರಯ ತಪ್ಪಿಸುತ್ತದೆ ಎಂದು ಎಲ್ಲರೂ ಕೊಳ್ಳುತ್ತಾರೆ. ಆದರೆ ಅದು ತೋರಿಸುವುದು ಮಟ್ಟವನ್ನು ಮಾತ್ರ. ಆ ಮಟ್ಟ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಎಲೆಕ್ಟ್ರಿಷಿಯನ್ನೇ ಕೊಡಬೇಕು. ಟೈಲ್ಸ್ ಇನ್ನೂ ಬೀಳದ ನೆಲದಿಂದ ಟೇಪ್ ಹಿಡಿದು ಅಳೆದರೆ ಎಂಥ ದುಬಾರಿ ಉಪಕರಣವೂ ತಪ್ಪು ಎತ್ತರವನ್ನೇ ಬಹಳ ನಿಖರವಾಗಿ ತೋರಿಸುತ್ತದೆ. ಹಾಗಾಗಿ ಕೊಳ್ಳುವ ವಿಷಯಕ್ಕಿಂತ ಆಧಾರ ಗೆರೆ ಹಾಕುವ ವಿಷಯಕ್ಕೆ ಇಲ್ಲಿ ಹೆಚ್ಚು ಜಾಗ.

ಯಾವ ಬಗೆ ಕೊಳ್ಳಬೇಕು

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಒಂದು ಅಡ್ಡ, ಒಂದು ಲಂಬ ಗೆರೆ ಬೀಳಿಸುವ ಕ್ರಾಸ್‌ಲೈನ್. ಮೂರು ಸಮತಲಗಳಲ್ಲಿ ಸುತ್ತಲೂ 360 ಡಿಗ್ರಿ ಗೆರೆ ಬೀಳಿಸುವ, ನಮ್ಮಲ್ಲಿ ‘ಹನ್ನೆರಡು ಗೆರೆ’ ಎಂದು ಮಾರುವ ಬಗೆ. ಮತ್ತು ತಿರುಗುವ ತಲೆಯ ರೋಟರಿ. ರೋಟರಿ ಕಟ್ಟಡದ ಅಡಿಪಾಯ, ದೊಡ್ಡ ಅಂಗಳದ ನೆಲಮಟ್ಟಕ್ಕೆ. ಮನೆ ವೈರಿಂಗ್‌ಗೆ ಅದಕ್ಕೆ ಹಣ ಹಾಕಬೇಕಿಲ್ಲ.

ಹಳೆ ಮನೆಗಳಲ್ಲಿ ಬೋರ್ಡ್ ಬದಲಿಸುವುದು, ಒಂದೆರಡು ಪಾಯಿಂಟ್ ಸೇರಿಸುವುದು ಇಷ್ಟೇ ಕೆಲಸವಾದರೆ ಕ್ರಾಸ್‌ಲೈನ್ ಸಾಕು. ಇಡೀ ಮನೆಯ ವೈರಿಂಗ್ ಗುತ್ತಿಗೆ ಹಿಡಿಯುವವರಿಗೆ ಮೂರು ಸಮತಲದ ಹಸಿರು ಲೇಸರ್ ಸೂಕ್ತ. ಕೋಣೆಯ ನಡುವೆ ಒಮ್ಮೆ ಇಟ್ಟರೆ ನಾಲ್ಕೂ ಗೋಡೆಗೆ ಗುರುತು ಹಾಕಬಹುದು, ಸೀಲಿಂಗ್ ಲೈಟ್‌ಗಳ ಸಾಲನ್ನೂ ಅದರಲ್ಲೇ ಹಿಡಿಯಬಹುದು. ‘ಹದಿನಾರು ಗೆರೆ’ ಬಗೆಯಲ್ಲಿ ಇನ್ನೊಂದು ಅಡ್ಡ ಸಮತಲ ಹೆಚ್ಚಿಗೆ ಇರುತ್ತದೆ. ಅದು ಟೈಲ್ಸ್‌ನವರಿಗೆ ಅನುಕೂಲ, ನಮಗೆ ಬ್ಯಾಟರಿ ತಿನ್ನುವ ಅಲಂಕಾರ.

ಹಸಿರೋ ಕೆಂಪೋ? ಬೆಳಕಿರುವಾಗ ಮನುಷ್ಯನ ಕಣ್ಣು 555 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೆ ಅತ್ಯಂತ ಚುರುಕು. ಹಸಿರು ಡಯೋಡ್‌ಗಳು ಸುಮಾರು 520ರಲ್ಲಿ, ಕೆಂಪು 635ರಿಂದ 650ರ ನಡುವೆ. ಅಷ್ಟೇ ಶಕ್ತಿಯ 635ರ ಕೆಂಪಿಗಿಂತ ಹಸಿರು ಮೂರು ಪಟ್ಟಿಗೂ ಹೆಚ್ಚು, 650ರ ಕೆಂಪಿಗಿಂತ ಆರು ಪಟ್ಟಿಗೂ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಕಿಟಕಿ ಬಾಗಿಲು ಕೂರದ ಮನೆಯಲ್ಲಿ ಹಗಲು ಕೆಲಸ ಮಾಡುವವರಿಗೆ ಇದು ದೊಡ್ಡ ವ್ಯತ್ಯಾಸ. ಹಸಿರು ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ, ಆದ್ದರಿಂದ ಎರಡು ಲಿಥಿಯಂ ಬ್ಯಾಟರಿ ಇರುವ ಸೆಟ್ ಕೊಳ್ಳಿ.

ಡಬ್ಬಿಯ ಮೇಲೆ ನೋಡಬೇಕಾದ ಮೊದಲ ಅಂಕಿ ನಿಖರತೆ. ಮೀಟರಿಗೆ ±0.3 ಮಿ.ಮೀ., ಅಂದರೆ 10 ಮೀಟರಿಗೆ ±3 ಮಿ.ಮೀ. ಇದ್ದರೆ ಮನೆ ಕೆಲಸಕ್ಕೆ ಧಾರಾಳ. ಉದ್ದ ಕಾರಿಡಾರಿನ ಕೇಬಲ್ ಟ್ರೇ ಕೆಲಸವೂ ಬರುವುದಾದರೆ 10 ಮೀಟರಿಗೆ ±2 ಮಿ.ಮೀ. ಹುಡುಕಿ. ಸ್ವಯಂ ಮಟ್ಟವಾಗುವ ವ್ಯಾಪ್ತಿ ಸಾಮಾನ್ಯವಾಗಿ ±4 ಡಿಗ್ರಿ ಅಥವಾ ಅದರ ಹತ್ತಿರ. ಅದಕ್ಕಿಂತ ವಾಲಿಸಿ ಇಟ್ಟರೆ ಗೆರೆ ಮಿನುಗಬೇಕು ಅಥವಾ ಬೀಪ್ ಬರಬೇಕು. ಒಳಗೆ ತೂಗಾಡುತ್ತಾ ಗೆರೆಯನ್ನು ಮಟ್ಟಕ್ಕೆ ತರುವ ಲೋಲಕಕ್ಕೆ ಲಾಕ್ ಇರಲೇಬೇಕು. ಧೂಳು, ನೀರಿನ ತಡೆಗೆ ಕನಿಷ್ಠ ಐಪಿ54. ಬುಡದಲ್ಲಿ 1/4 ಇಂಚಿನ ತಿರುಪು ಇದ್ದರೆ ಕ್ಯಾಮೆರಾ ಟ್ರೈಪಾಡೇ ಸಾಕಾಗುತ್ತದೆ. 5/8 ಇಂಚು ಸರ್ವೆ ಟ್ರೈಪಾಡಿನ ಅಳತೆ. ಹೊರಗೆ ಬಿಸಿಲಲ್ಲಿ ಕಾಂಪೌಂಡ್ ಲೈಟ್ ಕೆಲಸ ಇದ್ದರೆ, ಕಣ್ಣಿಗೆ ಕಾಣದ ಗೆರೆಯನ್ನು ಹಿಡಿದು ಸದ್ದು ಮಾಡಿ ತಿಳಿಸುವ ರಿಸೀವರ್ ಬೇಕು. ರಿಸೀವರ್ ಕೆಲಸ ಮಾಡಲು ಉಪಕರಣದಲ್ಲಿ ಪಲ್ಸ್ ಮೋಡ್ (ಗೆರೆಯನ್ನು ಅತಿ ವೇಗವಾಗಿ ಮಿಡಿಸುವ ಸ್ಥಿತಿ) ಇರಬೇಕು, ಮತ್ತು ರಿಸೀವರ್ ಅದೇ ಬಣ್ಣದ ಲೇಸರ್‌ಗೆ ಹೊಂದಬೇಕು. ಕೆಂಪಿನ ರಿಸೀವರ್ ತಂದು ಹಸಿರಿಗೆ ಹಿಡಿದರೆ ಹೆಚ್ಚಿನವು ಮಾತಾಡುವುದೇ ಇಲ್ಲ.

ಲೇಸರ್ ಕ್ಲಾಸ್ 2 ಎಂದು ಅಚ್ಚಾಗಿರುವುದನ್ನೇ ಕೊಳ್ಳಿ. ಕ್ಲಾಸ್ 2 ಅಂದರೆ 1 ಮಿಲಿವ್ಯಾಟ್ ಮೀರದ್ದು. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚುವಷ್ಟರಲ್ಲಿ ಹಾನಿಯಾಗದು ಎಂಬ ಲೆಕ್ಕ. ಬೇಕೆಂದೇ ದಿಟ್ಟಿಸಿದರೆ ಆ ರಕ್ಷಣೆ ಇಲ್ಲ. ಪಾಲಿಶ್ ಆದ ಗ್ರಾನೈಟ್, ಕನ್ನಡಿ, ಸ್ಟೀಲ್ ರೇಲಿಂಗ್‌ಗಳಿಂದ ತಿರುಗಿ ಬರುವ ಗೆರೆಯನ್ನೂ ಗಮನಿಸಿ. ಡಬ್ಬಿಯಲ್ಲಿ ಕೊಡುವ ಬಣ್ಣದ ಕನ್ನಡಕ ಗೆರೆಯನ್ನು ಸ್ಪಷ್ಟವಾಗಿ ಕಾಣಿಸಲು ಮಾತ್ರ, ಕಣ್ಣನ್ನು ಕಾಯಲು ಅಲ್ಲ.

ಬಾಷ್, ಡಿವಾಲ್ಟ್, ಸ್ಟ್ಯಾನ್ಲಿ, ಹಿಲ್ಟಿಯಂಥ ಬ್ರ್ಯಾಂಡ್‌ಗಳ ಎರಡು ಗೆರೆಯ ಉಪಕರಣದ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ, ಹೆಸರಿಲ್ಲದ ಹನ್ನೆರಡು ಗೆರೆಯದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಂಥವೆಲ್ಲ ಕೆಟ್ಟವಲ್ಲ. ಆದರೆ ಒಂದೇ ಮಾದರಿಯ ಎರಡು ಪೀಸ್‌ಗಳ ನಡುವೆಯೇ ವ್ಯತ್ಯಾಸ ಹೆಚ್ಚು. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಕೆಳಗಿನ ಪರೀಕ್ಷೆ ಮಾಡಿ.

ಕೆಲಸಕ್ಕೆ ಮೊದಲು ಪರೀಕ್ಷೆ

ಎದುರುಬದುರು ಎರಡು ಗೋಡೆಗಳು 5 ಮೀಟರ್ ಅಂತರದಲ್ಲಿರುವ ಕೋಣೆ ಬೇಕು. ಗೋಡೆಗಳನ್ನು ಎಡ, ಬಲ ಎನ್ನೋಣ.

1. ಟ್ರೈಪಾಡನ್ನು ಎಡಗೋಡೆಗೆ ಆದಷ್ಟು ಹತ್ತಿರ ಇಡಿ. ಉಪಕರಣದ ಮುಖವನ್ನು ಎಡಗೋಡೆಗೆ ತಿರುಗಿಸಿ, ಗೆರೆ ನಿಂತ ಮೇಲೆ ಅಡ್ಡ ಮತ್ತು ಲಂಬ ಗೆರೆ ಕೂಡುವಲ್ಲಿ ಗುರುತು ಹಾಕಿ. ಇದು ಒಂದನೇ ಗುರುತು.
2. ಎತ್ತರ ಬದಲಿಸದೆ 180 ಡಿಗ್ರಿ ತಿರುಗಿಸಿ. ಈಗ ಅದೇ ಮುಖ ಬಲಗೋಡೆಯತ್ತ. ಅಲ್ಲಿ ಎರಡನೇ ಗುರುತು.
3. ಟ್ರೈಪಾಡನ್ನು ಬಲಗೋಡೆಯ ಹತ್ತಿರಕ್ಕೆ ಒಯ್ಯಿರಿ. ಮುಖ ಬಲಗೋಡೆಯತ್ತಲೇ ಇರಲಿ. ಗೆರೆ ಸರಿಯಾಗಿ ಎರಡನೇ ಗುರುತಿನ ಮೇಲೆ ಬೀಳುವಂತೆ ಎತ್ತರ ಹೊಂದಿಸಿ.
4. ಎತ್ತರ ಮುಟ್ಟದೆ 180 ಡಿಗ್ರಿ ತಿರುಗಿಸಿ, ಎಡಗೋಡೆಯಲ್ಲಿ ಮೂರನೇ ಗುರುತು ಹಾಕಿ.

ಒಂದನೇ ಮತ್ತು ಮೂರನೇ ಗುರುತಿನ ನಡುವಿನ ಅಂತರವೇ 10 ಮೀಟರಿಗೆ ಆಗುವ ತಪ್ಪು, ಏಕೆಂದರೆ ಬಾಗಿದ ಕಿರಣ ಎರಡು ಸಲ 5 ಮೀಟರ್ ಸಾಗಿದೆ. ±0.3 ಮಿ.ಮೀ. ಉಪಕರಣದಲ್ಲಿ ಇದು 3 ಮಿ.ಮೀ. ದಾಟಬಾರದು. 360 ಡಿಗ್ರಿ ಉಪಕರಣವಾದರೆ ಮುಂಭಾಗ ಒಂದೇ ಸಾಲದು. ಹಿಂಭಾಗ, ಎಡ, ಬಲ ಮುಖಗಳಿಗೂ ಇದನ್ನೇ ಮಾಡಿ. ಮುಂದೆ ಸರಿಯಿದ್ದು ಬದಿಯಲ್ಲಿ ವಾಲಿರುವ ಉಪಕರಣಗಳೇ ಜನರನ್ನು ದಾರಿ ತಪ್ಪಿಸುವುದು.

ಲಂಬ ಗೆರೆಗೆ ತೂಗುಗುಂಡೇ ಸಾಕ್ಷಿ. ಎರಡೂವರೆ ಮೀಟರ್ ದಾರದಲ್ಲಿ ಗುಂಡು ಇಳಿಬಿಟ್ಟು, ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ; ಗಾಳಿಗೆ ಓಲಾಡುವುದು ನಿಲ್ಲುತ್ತದೆ. ಗೆರೆ ದಾರದ ತಲೆಯಲ್ಲೂ ಬುಡದಲ್ಲೂ ಒಂದೇ ರೀತಿ ಬೀಳಬೇಕು. ಎರಡೂವರೆ ಮೀಟರಿಗೆ ಒಂದು ಮಿ.ಮೀ.ಗಿಂತ ಹೆಚ್ಚು ಸರಿದರೆ ಉಪಕರಣ ಹೇಳಿದ ಮಾತಿಗೆ ತಪ್ಪಿದೆ.

ಪರೀಕ್ಷೆಗೂ ಕೆಲಸಕ್ಕೂ ಒಂದೇ ಶಿಸ್ತು: ಎ.ಸಿ. ಕಾರಿನಿಂದ ಬಿಸಿಲಿನ ಸೈಟಿಗೆ ತಂದ ಉಪಕರಣವನ್ನು ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಬಿಡಿ. ಗೆರೆಯ ದಪ್ಪ 5 ಮೀಟರ್ ದೂರದಲ್ಲೇ 2 ಮಿ.ಮೀ. ಆಸುಪಾಸು ಇರುತ್ತದೆ, ಆದ್ದರಿಂದ ಯಾವಾಗಲೂ ನಡುವಿಗೇ ಗುರುತು ಹಾಕಿ. ಒಬ್ಬ ಮೇಲಂಚಿಗೆ, ಇನ್ನೊಬ್ಬ ಕೆಳಂಚಿಗೆ ಗೀಟು ಹಾಕಿದರೆ ಉಪಕರಣದ ತಪ್ಪಿಲ್ಲದೆಯೇ 2 ಮಿ.ಮೀ. ಹೋಗಿರುತ್ತದೆ.

ಒಂದು ಮೀಟರ್ ಗೆರೆ: ಇಡೀ ಕೆಲಸದ ಆಧಾರ

ಪೈಪ್ ಹುದುಗಿಸಲು ಗೋಡೆಯಲ್ಲಿ ಗ್ರೂವ್ ಕೊರೆಯುವ ಹಂತದಲ್ಲಿ ನೆಲ ಇನ್ನೂ ಕಾಂಕ್ರೀಟ್. ಅದು ಸಮವಾಗಿರುವುದಿಲ್ಲ, ಒಂದೇ ಕೋಣೆಯಲ್ಲಿ 15ರಿಂದ 20 ಮಿ.ಮೀ. ಏರಿಳಿತ ಮಾಮೂಲು. ಅದರ ಮೇಲೆ ಗಾರೆ, ಟೈಲ್ಸ್ ಬರಬೇಕು. ಆದ್ದರಿಂದ ಎಲ್ಲ ಅಳತೆಗೂ ಮುಗಿದ ನೆಲದಿಂದ ಸರಿಯಾಗಿ 1000 ಮಿ.ಮೀ. ಮೇಲೆ ಮನೆಯೆಲ್ಲ ಸುತ್ತುವ ಒಂದು ಗೆರೆ ಹಾಕಿ, ಬೋರ್ಡ್‌ಗಳನ್ನು ಅದರಿಂದ ಮೇಲೆ ಕೆಳಗೆ ಅಳೆಯಬೇಕು.

ಮೊದಲು ನೆಲದ ಅತಿ ಎತ್ತರದ ಜಾಗ ಹುಡುಕಿ. ಲೇಸರನ್ನು ಹಾಲ್‌ನ ನಡುವೆ ಟ್ರೈಪಾಡಿನ ಮೇಲೆ ನಿಲ್ಲಿಸಿ, ಮೂಲೆಗಳಲ್ಲಿ, ಬಾಗಿಲುಗಳ ಬಳಿ, ನಡುವೆ ನೆಲದಿಂದ ಗೆರೆಯವರೆಗೆ ಅಳೆಯಿರಿ. 1182, 1175, 1169, 1178 ಎಂದು ಬಂದಿದೆ ಎನ್ನಿ. ಅತಿ ಚಿಕ್ಕ ಅಂಕಿ 1169, ಅಂದರೆ ನೆಲ ಅಲ್ಲಿ ಎತ್ತರ. ಟೈಲ್ಸ್ ಮೇಸ್ತ್ರಿ ‘ಎತ್ತರದ ಕಡೆ ಗಾರೆ 40, ಟೈಲ್ 10’ ಎಂದರೆ ಮುಗಿದ ನೆಲ ಆ ಜಾಗಕ್ಕಿಂತ 50 ಮಿ.ಮೀ. ಮೇಲೆ ಬರುತ್ತದೆ. 1169ರಿಂದ 50 ಕಳೆದರೆ 1119. ಲೇಸರ್ ಗೆರೆ ಮುಗಿದ ನೆಲದಿಂದ 1119 ಮೇಲಿದೆ, ಆದ್ದರಿಂದ ಮೀಟರ್ ಗೆರೆ ಲೇಸರಿಗಿಂತ 119 ಮಿ.ಮೀ. ಕೆಳಗೆ. ಪ್ರತಿ ಗುರುತಿಗೂ 119 ಕಳೆಯುವ ಬದಲು, ಎತ್ತರದ ಜಾಗದಲ್ಲಿ ನೆಲದಿಂದ ಗೆರೆಗೆ 1050 ಬರುವಂತೆ ಟ್ರೈಪಾಡಿನ ಕಂಬ ಇಳಿಸಿಬಿಡಿ. ಆಮೇಲೆ ಲೇಸರ್ ಬಿದ್ದಲ್ಲೆಲ್ಲ ಮೀಟರ್ ಗೆರೆಯೇ.

ನೆಲದ ದಪ್ಪವನ್ನು ಎಲೆಕ್ಟ್ರಿಷಿಯನ್ ಒಬ್ಬನೇ ತೀರ್ಮಾನಿಸಬಾರದು. ವಿಟ್ರಿಫೈಡ್ ಟೈಲ್ 8–10 ಮಿ.ಮೀ., ಗ್ರಾನೈಟ್ 18–20 ಮಿ.ಮೀ. ಮುಂಬಾಗಿಲ ಹೊಸ್ತಿಲು, ಮೆಟ್ಟಿಲಿನ ಕೊನೆಯ ಹಂತ, ಲಿಫ್ಟಿನ ಬಾಗಿಲು ಈಗಾಗಲೇ ನೆಲದ ಮಟ್ಟವನ್ನು ಕಟ್ಟಿಹಾಕಿರಬಹುದು. ಮಾಲೀಕರು, ಗಾರೆ ಮೇಸ್ತ್ರಿ, ಟೈಲ್ಸ್‌ನವರು ಒಪ್ಪಿದ ಅಂಕಿಯನ್ನು ಗೋಡೆಯ ಮೇಲೆಯೇ ಬರೆದಿಡಿ. ಬಚ್ಚಲಿನ ನೆಲ ಇಳಿಜಾರಾಗಿಯೂ ಸ್ವಲ್ಪ ಕೆಳಗೂ ಇರುವುದರಿಂದ ಅಲ್ಲಿನ ಗೀಸರ್ ಪಾಯಿಂಟನ್ನೂ ಹೊರಗಿನ ಮೀಟರ್ ಗೆರೆಯಿಂದಲೇ ಅಳೆಯಿರಿ.

ಕೋಣೆಯಿಂದ ಕೋಣೆಗೆ ಗೆರೆ ದಾಟಿಸುವಾಗ ಬಾಗಿಲ ಚೌಕಟ್ಟಿನ ಮೇಲೆ ಒಂದು ಗುರುತು ಹಾಕಿ, ಉಪಕರಣವನ್ನು ಮುಂದಿನ ಕೋಣೆಗೆ ಒಯ್ದು ಅದೇ ಗುರುತಿಗೆ ಎತ್ತರ ಹೊಂದಿಸಿ. ಉಪಕರಣ ಹಿಂದಿನ ಗುರುತಿಗೂ ಮುಂದಿನ ಗುರುತಿಗೂ ಸರಿಸುಮಾರು ಸಮದೂರದಲ್ಲಿ ನಿಲ್ಲಲಿ; ಅದೇ ಮುಖವನ್ನು ಎರಡೂ ಕಡೆ ತಿರುಗಿಸಿ ಗುರುತು ಹಾಕಿದರೆ ಕಿರಣದ ಅಲ್ಪಸ್ವಲ್ಪ ವಾಲು ಎರಡೂ ಕಡೆ ಸಮನಾಗಿ ಬಿದ್ದು ಕಳೆದುಹೋಗುತ್ತದೆ. ಮನೆಯೆಲ್ಲ ಸುತ್ತಿ ಹೊರಟ ಗುರುತಿಗೇ ಮರಳಿ ಬನ್ನಿ. 3 ಮಿ.ಮೀ.ಗಿಂತ ಹೆಚ್ಚು ತಪ್ಪಿದ್ದರೆ ಎಲ್ಲೋ ಟ್ರೈಪಾಡ್ ಅಲುಗಿದೆ, ಮತ್ತೆ ಹಾಕಿ. ಒಂದೂವರೆ ಎರಡು ಮೀಟರಿಗೊಂದು ಗುರುತು ಇಟ್ಟು ಬಣ್ಣದ ದಾರ ಹೊಡೆದರೆ ಲೇಸರ್ ಆರಿಸಿದ ಮೇಲೂ ಗೆರೆ ಉಳಿಯುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆಯಂಥ ಒರಟು ಮೈಮೇಲೆ ಗೆರೆ ತುಂಡುತುಂಡಾಗಿ ಕಾಣುತ್ತದೆ. ಅಲ್ಲಿ ಒಂದು ಬಿಳಿ ರಟ್ಟಿನ ಚೂರು ಒತ್ತಿ ಹಿಡಿದು ಗುರುತು ಹಾಕಿ.

ಇಷ್ಟಾದರೂ ನೀರಿನ ಲೆವೆಲ್ ಟ್ಯೂಬನ್ನು ಎಸೆಯಬೇಡಿ. ಗುಳ್ಳೆ ಇಲ್ಲದ ಟ್ಯೂಬ್ ಮೂಲೆ ತಿರುಗಿ ಗೋಡೆಯಾಚೆಗೂ ಮಟ್ಟ ಒಯ್ಯುತ್ತದೆ, ಲೇಸರಿನ ಮೇಲೆ ಅನುಮಾನ ಬಂದಾಗ ಅದೇ ನ್ಯಾಯಾಧೀಶ.

ಬಾಕ್ಸ್‌ಗಳ ಎತ್ತರ

ಮುಗಿದ ನೆಲದಿಂದ ಬಾಕ್ಸಿನ ಕೆಳಂಚಿಗೆ ನಮ್ಮ ಮನೆಗಳಲ್ಲಿ ರೂಢಿಯ ಅಳತೆಗಳು ಹೀಗಿವೆ: ಸ್ವಿಚ್ ಬೋರ್ಡ್ 1200, ಕೆಳಗಿನ ಪ್ಲಗ್ 300, ಮಂಚದ ಪಕ್ಕ 600–650, ಅಡುಗೆ ಕಟ್ಟೆಯ ಮೇಲೆ 1050–1100, ಗೀಸರ್ 1800ರಿಂದ 2100, ಎ.ಸಿ. 2100ರಿಂದ 2250. ಮೀಟರ್ ಗೆರೆಯಿಂದ ಲೆಕ್ಕ ಸುಲಭ: ಸ್ವಿಚ್ ಬೋರ್ಡ್ ಗೆರೆಯಿಂದ 200 ಮೇಲೆ, ಪ್ಲಗ್ 700 ಕೆಳಗೆ. ಟಿ.ವಿ., ಚಿಮಣಿ, ಎ.ಸಿ. ಅಳತೆಗಳನ್ನು ಆಯಾ ಸಾಮಾನು ಮತ್ತು ಮರಗೆಲಸದ ನಕ್ಷೆ ನೋಡಿಯೇ ನಿಗದಿ ಮಾಡಿ.

ಕೆಳಂಚೋ ನಡುವೋ ಎಂಬುದನ್ನು ಮೊದಲೇ ತೀರ್ಮಾನಿಸಿ, ಇಡೀ ಮನೆಗೆ ಅದನ್ನೇ ಪಾಲಿಸಿ. ಒಂದೇ ಸಾಲಿನ ಮಾಡ್ಯುಲರ್ ಪ್ಲೇಟ್‌ಗಳ ಎತ್ತರ ಒಂದೇ. ಎರಡು ಸಾಲಿನವು ಹೆಚ್ಚು ಎತ್ತರ, ಆದ್ದರಿಂದ ಇವೆರಡೂ ಒಂದೇ ಗೋಡೆಯಲ್ಲಿ ಬಂದಾಗ ಕೆಳಂಚು ಹೊಂದಿಸಿದರೆ ಅಂದ. ಪ್ಲೇಟು ಬಾಕ್ಸಿಗಿಂತ ಸುತ್ತಲೂ ದೊಡ್ಡದು. ಎರಡು ಬಾಕ್ಸ್ ಪಕ್ಕಪಕ್ಕ ಬಂದರೆ ಕ್ಯಾಟಲಾಗಿನಿಂದ ಎರಡೂ ಪ್ಲೇಟುಗಳ ಅಗಲ ನೋಡಿ, ಅವುಗಳ ಅರ್ಧರ್ಧ ಕೂಡಿಸಿ, ಮೇಲೆ 3–5 ಮಿ.ಮೀ. ಸೇರಿಸಿ ಬಾಕ್ಸ್‌ಗಳ ನಡುವಿನಿಂದ ನಡುವಿಗೆ ಅಷ್ಟು ಅಂತರ ಬಿಡಿ. ಇದನ್ನು ಮರೆತು ಬಾಕ್ಸ್‌ಗಳನ್ನು ಅಂಟಿಸಿ ಕೂರಿಸಿದರೆ ಕೊನೆಗೆ ಪ್ಲೇಟು ಕೂರುವುದೇ ಇಲ್ಲ.

ಎತ್ತರಕ್ಕಿಂತ ಹೆಚ್ಚು ತಲೆನೋವು ತರುವುದು ಆಳ. ಬಾಕ್ಸಿನ ಬಾಯಿ ಪ್ಲಾಸ್ಟರಿನ ಮೈಗೆ ಸಮ ಅಥವಾ ಒಂದೆರಡು ಮಿ.ಮೀ. ಒಳಗೆ ಇರಬೇಕು. ಹೊರಚಾಚಿದರೆ ಪ್ಲೇಟು ಗೋಡೆಗೆ ಕೂರುವುದಿಲ್ಲ, ತೀರಾ ಒಳಹೋದರೆ ತಿರುಪು ಎಟುಕುವುದಿಲ್ಲ. ಒಳಗೋಡೆಯ ಪ್ಲಾಸ್ಟರ್ 12–15 ಮಿ.ಮೀ. ಎಂಬುದು ಕಾಗದದ ಮಾತು; ಗೋಡೆ ಸೊಟ್ಟಗಿದ್ದರೆ 25ಕ್ಕೂ ಹೋಗುತ್ತದೆ. ಆದ್ದರಿಂದ ಗಾರೆಯವರು ಪ್ಲಾಸ್ಟರ್ ದಪ್ಪಕ್ಕೆ ಇಡುವ ಬಟನ್ ಗುರುತುಗಳು ಬಿದ್ದ ಮೇಲೆಯೇ ಬಾಕ್ಸನ್ನು ಗಾರೆ ಹಾಕಿ ಭದ್ರ ಮಾಡಿ. ಲೇಸರನ್ನು ಗೋಡೆಯ ಪಕ್ಕ ನೆಲದ ಮೇಲಿಟ್ಟು, ಲಂಬ ಸಮತಲ ಗೋಡೆಗೆ ಸಮಾನಾಂತರವಾಗಿ ಓಡುವಂತೆ ತಿರುಗಿಸಿ. ಎರಡು ತುದಿಯ ಬಟನ್‌ಗಳ ಮೇಲೆ ಸ್ಕೇಲ್ ಆನಿಸಿ ನೋಡಿದಾಗ ಕಿರಣಕ್ಕೆ ಎರಡೂ ಕಡೆ 80 ಮಿ.ಮೀ. ಬರಲಿ. ಈಗ ಪ್ರತಿ ಬಾಕ್ಸಿನ ಬಾಯಿಯಿಂದ ಕಿರಣಕ್ಕೆ 82 ಬರುವಂತೆ ಕೂರಿಸಿದರೆ ಎಲ್ಲವೂ ಪ್ಲಾಸ್ಟರಿಗಿಂತ 2 ಮಿ.ಮೀ. ಒಳಗೆ, ಒಂದೇ ಮೈಯಲ್ಲಿ ನಿಲ್ಲುತ್ತವೆ. ಸಾಲಾಗಿ ಐದಾರು ಬೋರ್ಡ್ ಬರುವ ಗೋಡೆಯಲ್ಲಿ ಇದಕ್ಕೆ ಹಿಡಿಯುವ ಸಮಯ ಪೂರ್ತಿ ಲಾಭ.

ಗ್ರೂವ್ ಮತ್ತು ಪೈಪ್

ಸ್ಲ್ಯಾಬಿನಿಂದ ಇಳಿಯುವ ಪೈಪಿಗೆ ಲಂಬ ಗೆರೆ ಬಾಕ್ಸಿನ ನಡುವೆ ಹಾಯುವಂತೆ ಲೇಸರ್ ಇಟ್ಟು, ಎರಡು ಬದಿಯ ಕೊರೆಗೆರೆ ಎಳೆಯಿರಿ. 20 ಮಿ.ಮೀ. ಪೈಪಿಗೆ ಸುಮಾರು 25 ಮಿ.ಮೀ. ಅಗಲ, 30–35 ಆಳ. ಭಾರ ಹೊರುವ ಗೋಡೆಯಲ್ಲಿ ಲಂಬ ಗ್ರೂವ್ ಗೋಡೆ ದಪ್ಪದ ಮೂರನೇ ಒಂದು ಭಾಗವನ್ನೂ, ಅಡ್ಡ ಗ್ರೂವ್ ಆರನೇ ಒಂದು ಭಾಗವನ್ನೂ ಮೀರಬಾರದು ಎನ್ನುತ್ತದೆ ಕಟ್ಟಡದ ಗೋಡೆಗಳ ಕುರಿತ ಭಾರತೀಯ ಮಾನದಂಡ ಐಎಸ್ 1905. ಒಂಬತ್ತಿಂಚಿನ, ಅಂದರೆ 230 ಮಿ.ಮೀ. ಗೋಡೆಗೆ ಅಡ್ಡ ಗ್ರೂವ್ 38 ಮಿ.ಮೀ.ಗೆ ಮುಗಿಯಿತು. ಲೇಸರಿನ ಅಡ್ಡ ಗೆರೆ ಚೆನ್ನಾಗಿ ಕಾಣುತ್ತದೆಂದು ಬೋರ್ಡಿನಿಂದ ಬೋರ್ಡಿಗೆ ಅಡ್ಡ ಕೊರೆಯುತ್ತಾ ಹೋಗುವ ಚಾಳಿ ಬೇಡ. ಮೇಲಕ್ಕೆ ಹೋಗಿ ಇಳಿಯಿರಿ. ಪೈಪ್ ನೇರ ಲಂಬದಲ್ಲಿದ್ದರೆ ಮುಂದೆ ಮೊಳೆ ಹೊಡೆಯುವವರಿಗೂ ಅದು ಎಲ್ಲಿದೆಯೆಂದು ಊಹಿಸಲು ಸಾಧ್ಯ. ಗೋಡೆಯೊಳಗೆ ಹಳೆ ವೈರ್ ಇದೆಯೇ ಎಂಬುದನ್ನು ಲೇಸರ್ ಹೇಳುವುದಿಲ್ಲ, ಹಳೆ ಮನೆಯಲ್ಲಿ ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಡಿಟೆಕ್ಟರ್ ಓಡಿಸಿಯೇ ಕೊರೆಯಿರಿ.

ಕಟರ್ ಓಡುವಾಗ ಲೇಸರನ್ನು ಆರಿಸಿ, ಲಾಕ್ ಮಾಡಿ, ಬೇರೆ ಕೋಣೆಗೆ ಒಯ್ಯಿರಿ. ಹ್ಯಾಮರ್ ಕಂಪನದಲ್ಲಿ ಲೋಲಕ ನಿಲ್ಲುವುದಿಲ್ಲ, ಧೂಳು ಗಾಜಿನ ಮೇಲೆ ಕೂತು ಗೆರೆ ಮಸುಕಾಗುತ್ತದೆ. ಪೈಪ್ ಕೂರಿಸಿದ ಮೇಲೆ, ಗ್ರೂವ್ ಮುಚ್ಚುವ ಮುನ್ನ, ಲೇಸರ್ ಮತ್ತೆ ಹಚ್ಚಿ ಮೀಟರ್ ಗೆರೆಯೂ ಟೇಪಿನ ಅಂಕಿಯೂ ಕಾಣುವಂತೆ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ಕೊಡಿ.

ಸೀಲಿಂಗ್ ಲೈಟ್, ಟ್ರೇ, ಮೆಟ್ಟಿಲು

ಫಾಲ್ಸ್ ಸೀಲಿಂಗ್ ಲೈಟ್‌ಗಳನ್ನು ಏಣಿ ಹತ್ತಿ ಅಳೆಯಬೇಡಿ, ನೆಲದ ಮೇಲೆ ಗುರುತು ಹಾಕಿ ಮೇಲಕ್ಕೆತ್ತಿ. 3.6 × 4.8 ಮೀಟರ್ ಕೋಣೆಗೆ ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ಲೈಟ್ ಎಂದರೆ, ಸಾಲುಗಳ ಅಂತರ 1.8, ಸಾಲಿನೊಳಗೆ 1.6 ಮೀಟರ್, ಗೋಡೆಯಿಂದ ಅದರ ಅರ್ಧ, 0.9 ಮತ್ತು 0.8. ಈ ಅಳತೆಯಲ್ಲಿ ನೆಲದ ಮೇಲೆ ಚೌಕಳಿ ಗೆರೆ ಹೊಡೆದು, ಲೇಸರಿನ ಎರಡು ಲಂಬ ಸಮತಲಗಳನ್ನು ಆ ಗೆರೆಗಳ ಮೇಲೆ ಕೂರಿಸಿದರೆ ಅವು ಮೇಲೆ ಕೂಡುವ ಜಾಗವೇ ಲೈಟಿನ ನಡು. ಉಪಕರಣದ ಬುಡದ ಕೆಳಗೆ ಗೆರೆ ಬೀಳುವುದಿಲ್ಲವಾದ್ದರಿಂದ ಚುಕ್ಕೆಯ ಬದಲು ಉದ್ದ ಗೆರೆಗಳು ಬೇಕು. ಕೊರೆಯುವ ಮುನ್ನ ಆ ಜಾಗದಲ್ಲಿ ಸೀಲಿಂಗಿನ ಲೋಹದ ಪಟ್ಟಿ ಹಾಯ್ದಿದೆಯೇ ನೋಡಿ. ಹಾಯ್ದಿದ್ದರೆ ಒಂದು ಲೈಟನ್ನು ಮಾತ್ರ ಸರಿಸದೆ ಇಡೀ ಸಾಲನ್ನು ಸರಿಸಿ.

ಬೆಂಗಳೂರಿನ ಆಫೀಸ್ ಮಹಡಿಗಳ 24 ಮೀಟರ್ ಕಾರಿಡಾರಿನ ಟ್ರೇಗೆ ಉಪಕರಣವನ್ನು ನಡುವೆ ನಿಲ್ಲಿಸಿ. ಎರಡು ತುದಿಗೂ 12 ಮೀಟರ್, ತಪ್ಪು ಹೆಚ್ಚೆಂದರೆ 3.6 ಮಿ.ಮೀ. ಒಂದು ತುದಿಯಲ್ಲಿಟ್ಟರೆ ಅದೇ 7 ದಾಟುತ್ತದೆ. ಗೆರೆಯನ್ನು ಟ್ರೇ ಹೊರುವ ಚಾನೆಲ್ಲಿನ ಕೆಳಮೈಗೆ ಹಿಡಿದು, ತಿರುಪುಕಂಬಿಯ ನಟ್ ತಿರುಗಿಸಿ ಒಂದೊಂದೇ ಸಪೋರ್ಟನ್ನು ತಂದು ನಿಲ್ಲಿಸಿ.

ಮೆಟ್ಟಿಲ ಪಕ್ಕದ ಫುಟ್‌ಲೈಟ್‌ಗಳಿಗೆ ಲೋಲಕ ಲಾಕ್ ಮಾಡಿ ಓರೆ ಗೆರೆ ಬೀಳಿಸಬಹುದು. ಮೊದಲ ಮತ್ತು ಕೊನೆಯ ಮೆಟ್ಟಿಲ ಅಂಚಿನಿಂದ ಒಂದೇ ಎತ್ತರದಲ್ಲಿ ಎರಡು ಗುರುತು ಹಾಕಿ ಗೆರೆಯನ್ನು ಅವೆರಡಕ್ಕೂ ತಾಗಿಸಿ. ಈ ಸ್ಥಿತಿಯಲ್ಲಿ ಅದು ಮಟ್ಟದ ಉಪಕರಣವಲ್ಲ. ಕೆಲಸ ಮುಗಿದೊಡನೆ ಲಾಕ್ ತೆಗೆಯಿರಿ, ಇಲ್ಲವಾದರೆ ಮುಂದಿನ ಕೋಣೆಯ ಬೋರ್ಡ್‌ಗಳೂ ಓರೆಯಾದಾವು.

ಹಳೆ ಮನೆಯಲ್ಲಿ ಒಂದು ತೀರ್ಮಾನ ಕಣ್ಣಿಗೇ ಬಿಡಬೇಕು. ಅಡುಗೆ ಕಟ್ಟೆಯೇ 6 ಮಿ.ಮೀ. ವಾಲಿದ್ದರೆ, ಅದರ ಮೇಲೆ ನಿಜ ಮಟ್ಟದಲ್ಲಿ ಕೂತ ಬೋರ್ಡ್ ಸೊಟ್ಟಗೆ ಕಾಣುತ್ತದೆ. ಅಲ್ಲಿ ಟೈಲ್ಸ್ ಸಂದಿಯನ್ನೇ ಅನುಸರಿಸಿ. ಖಾಲಿ ಗೋಡೆಯಲ್ಲಿ ಲೇಸರನ್ನು ನಂಬಿ.

ಕಾಪಾಡುವುದು

ಸಾಗಿಸುವಾಗ ಲೋಲಕ ಲಾಕ್ ಆಗಿರಲೇಬೇಕು. ಬೈಕಿನ ಚೀಲದಲ್ಲಿ ಲಾಕ್ ಇಲ್ಲದೆ ನಾಲ್ಕು ಹಂಪ್ ದಾಟಿದರೆ ಲೋಲಕ ತೂಗುವ ಜಾಗವೇ ಸಡಿಲವಾಗುತ್ತದೆ. ಗಾಜನ್ನು ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ. ಒಣ ಸಿಮೆಂಟ್ ಧೂಳನ್ನು ಉಜ್ಜಿದರೆ ಗೀರು ಬಿದ್ದು ಗೆರೆಯ ಪಕ್ಕ ಇನ್ನೊಂದು ನೆರಳುಗೆರೆ ಹುಟ್ಟುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿ, ತೇವವಿದ್ದಾಗ ಮುಚ್ಚಿಡಬೇಡಿ. ಬಹಳ ದಿನ ಬಳಸದಿದ್ದರೆ ಬ್ಯಾಟರಿ ತೆಗೆಯಿರಿ.

ಎರಡು ಗೋಡೆಯ ಪರೀಕ್ಷೆಯನ್ನು ಹೊಸ ಸೈಟ್ ಶುರುವಾದಾಗಲೆಲ್ಲ, ಮತ್ತು ಉಪಕರಣ ಬಿದ್ದಾಗ ತಪ್ಪದೆ ಮಾಡಿ. 10 ಮೀಟರಿಗೆ 3 ಮಿ.ಮೀ. ದಾಟಿದ್ದರೆ ಸರ್ವೀಸ್ ಸೆಂಟರಿಗೆ ಕೊಡಿ. ಕೆಲವು ಅಗ್ಗದ ಉಪಕರಣಗಳಲ್ಲಿ ಲೋಲಕದ ತಿರುಪು ಕೈಗೆ ಸಿಗುತ್ತದೆ. ಒಂದು ದಿಕ್ಕನ್ನು ಸರಿಮಾಡಿದರೆ ಇನ್ನೊಂದು ಕೆಡುವುದರಿಂದ ಅದಕ್ಕೆ ಕೈ ಹಾಕುವವರು ಪ್ರತಿ ತಿರುವಿನ ಬಳಿಕ ನಾಲ್ಕೂ ಮುಖಗಳನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.